ಎರಡು ಲಿಂಕ್ ತೆಗೆದ್ರೆ ಚೈನ್ ಸರಿಹೋಗಲ್ಲ: ಹಳೇ ಬೈಕಿನ ಚೈನ್ ಕಿಟ್ ಬದಲಿಸೋ ಮಾತು

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ರೆ ಆರಾಮಾಗಿ ಕೇಳಿ. ಬೈಕ್ ಓಡಿಸ್ತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿದ್ರೆ ಮಾತ್ರ ದಯವಿಟ್ಟು ಈಗಲೇ ಸೈಡಿಗೆ ಹಾಕಿ, ತೆಗೆದುಬಿಡಿ. ಮನೆಗೆ ಹೋಗಿ ಕೇಳಿದ್ರೂ ನಡೆಯುತ್ತೆ. ಯಾಕಂದ್ರೆ ಇವತ್ತು ನಾನು ಮಾತಾಡೋ ವಸ್ತುವಿನ ಕಾಯಿಲೆ ಮೊದಲು ಗೊತ್ತಾಗೋದೇ ಕಿವಿಗೆ.

ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿಂದ ‘ಕಟ್’ ಅಂತ ಒಂದು ಏಟು. ಹಂಪ್ ಹಾರಿಸಿದಾಗ ಡಬ್ಬಿಯೊಳಗೆ ಸರಪಳಿ ಬಿದ್ದ ಹಾಗೆ ಟಪಟಪ. ಮೂವತ್ತು–ನಲವತ್ತರ ಸ್ಪೀಡಲ್ಲಿ ಒಂದೇ ಸಮ ಕರಕರ. ಇದು ಚೈನ್. ಅಪ್ಪನ ಕಾಲದ ಸ್ಪ್ಲೆಂಡರ್ ಓಡಿಸ್ತಿರೋ ಎಷ್ಟೋ ಜನಕ್ಕೆ ಈ ಸದ್ದು ಎಷ್ಟು ರೂಢಿ ಆಗಿಬಿಟ್ಟಿದೆ ಅಂದ್ರೆ, ‘ಹಳೇ ಗಾಡಿ ಅಲ್ವಾ, ಹಾಗೇ ಅದು’ ಅಂತ ಸುಮ್ಮನಾಗ್ತಾರೆ.

ಸ್ಪ್ಲೆಂಡರ್ ಅಂತ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಊರುಗಳಲ್ಲಿ ‘ಹಳೇ ಬೈಕ್’ ಅಂದ್ರೆ ಮುಕ್ಕಾಲುಪಾಲು ಕಣ್ಣ ಮುಂದೆ ಬರೋದು ಅದೇ. 1994ರಲ್ಲಿ ಬಂದ ಗಾಡಿ. ಟ್ಯಾಂಕ್ ಮೇಲೆ ‘ಹೀರೋ ಹೋಂಡಾ’ ಅಂತ ಇನ್ನೂ ಇದ್ರೆ ಅದಕ್ಕೆ ಹತ್ತು–ಹನ್ನೆರಡು ವರ್ಷವಾದ್ರೂ ದಾಟಿದೆ ಅಂತ ಲೆಕ್ಕ. ಆ ಎರಡು ಕಂಪನಿಗಳು ಬೇರೆಯಾಗೋಕೆ ತೀರ್ಮಾನ ಮಾಡಿದ್ದು 2010ರ ಕೊನೆಯಲ್ಲಿ. ಎಂಜಿನ್ 97.2 ಸಿಸಿ, ಸುಲಭಕ್ಕೆ ಸಾಯಲ್ಲ. ಚೈನನ್ನ ಪೂರ್ತಿ ತಗಡಿನ ಕೇಸ್ ಒಳಗೆ ಮುಚ್ಚಿಟ್ಟಿದ್ದಾರೆ. ನಮ್ಮ ಮೈಸೂರಲ್ಲಿ ತಯಾರಾಗ್ತಿದ್ದ ಜಾವಾ, ಯೆಜ್ಡಿಗಳಲ್ಲೂ ಹೀಗೇ ಚೈನ್ ಕಾಣ್ತಿರಲಿಲ್ಲ. ಧೂಳು, ಮಳೆ ಒಳಗೆ ಹೋಗದ ಹಾಗೆ ಮಾಡಿದ ಒಳ್ಳೇ ವ್ಯವಸ್ಥೆ ಅದು. ಆದ್ರೆ ಕಣ್ಣಿಗೆ ಬೀಳದೇ ಇರೋದನ್ನ ಯಾರು ನೆನಪಿಟ್ಕೋತಾರೆ?

ನನ್ನ ಚಿಕ್ಕಮ್ಮನ ಮಗ ತುಮಕೂರಲ್ಲಿ ಡಿಗ್ರಿ ಓದ್ತಾ ಸಂಜೆ ಹೊತ್ತು ಡೆಲಿವರಿ ಕೆಲಸ ಮಾಡ್ತಿದ್ದ. ಗಾಡಿ ಅವನ ಅಪ್ಪಂದು. ಚೈನ್ ತುಂಬಾ ಲೂಸ್ ಆಗಿ, ಟೈಟ್ ಮಾಡೋಕೆ ಜಾಗವೇ ಇಲ್ಲ ಅನ್ನೋ ಮಟ್ಟಕ್ಕೆ ಬಂದಿತ್ತು. ಅವನು ತೋರಿಸಿದ ಕಡೆ ಮೆಕ್ಯಾನಿಕ್ ಎರಡು ಲಿಂಕ್ ಕತ್ತರಿಸಿ, ಮತ್ತೆ ಜೋಡಿಸಿ, ನೂರು ರೂಪಾಯಿ ತಗೊಂಡು ಕಳಿಸಿದ್ರು. ‘ಅಣ್ಣಾ, ಇನ್ನು ಆರು ತಿಂಗಳು ತಲೆಬಿಸಿ ಇಲ್ಲವಂತೆ’ ಅಂತ ನನಗೆ ಫೋನ್ ಮಾಡಿ ಹೇಳಿದ. ಆರು ವಾರ ಆಗೋದ್ರೊಳಗೆ ಒಂದು ರಾತ್ರಿ, ಬಸ್ಸೊಂದನ್ನ ಓವರ್‌ಟೇಕ್ ಮಾಡೋಕೆ ಅಂತ ಜೋರಾಗಿ ಎಕ್ಸಲೇಟರ್ ಕೊಟ್ಟಾಗ ಚೈನ್ ಹಲ್ಲಿನ ಮೇಲೆ ಹತ್ತಿ ಜಾರಿ, ಮುಂದಿನ ಸ್ಪ್ರಾಕೆಟ್ಟಿಗೂ ಎಂಜಿನ್ ಕೇಸಿಗೂ ನಡುವೆ ಸಿಕ್ಕಿಕೊಳ್ತು. ಹಿಂದಿನ ಚಕ್ರ ಲಾಕ್. ಹುಡುಗ ರಸ್ತೆ ಮೇಲೆ. ಹಿಂದೆ ಬರ್ತಿದ್ದ ಲಾರಿಯವರು ಬ್ರೇಕ್ ಹಾಕಿದ್ರಿಂದ ಕಾಲರ್ ಬೋನ್ ಒಂದೇ ಮುರಿದದ್ದು. ಎರಡು ತಿಂಗಳ ದುಡಿಮೆ ಹೋಯ್ತು, ಎಂಜಿನ್ ಕೇಸ್ ಒಡೆದು ಅದಕ್ಕೆ ಬೇರೆ ಖರ್ಚು. ಸ್ಪ್ಲೆಂಡರ್‌ಗೆ ಪೂರ್ತಿ ಚೈನ್ ಕಿಟ್ ಸಿಗೋದು ಸಾವಿರ ರೂಪಾಯಿ ಆಸುಪಾಸಿನಲ್ಲಿ.

ಆ ಮೆಕ್ಯಾನಿಕ್ ಮೇಲೆ ಪೂರ್ತಿ ತಪ್ಪು ಹೊರಿಸೋದೂ ನನಗೆ ಇಷ್ಟವಿಲ್ಲ. ‘ಕಮ್ಮೀಲಿ ಏನಾದ್ರೂ ಮಾಡ್ಕೊಡಿ’ ಅಂತ ದಿನಕ್ಕೆ ಹತ್ತು ಜನ ಕೇಳಿದ್ರೆ ಕಮ್ಮಿಯಲ್ಲಿ ಏನಾಗುತ್ತೋ ಅದನ್ನೇ ಮಾಡ್ತಾರೆ. ಆದ್ರೆ ಲಿಂಕ್ ತೆಗೆಯೋದು ಯಾಕೆ ರಿಪೇರಿ ಅಲ್ಲ ಅನ್ನೋದು ಗಾಡಿ ಓಡಿಸೋರಿಗೆ ಗೊತ್ತಿರಬೇಕು.

ಸ್ವಲ್ಪ ಲೆಕ್ಕ ನೋಡೋಣ, ಸುಲಭದ್ದೇ. ಸ್ಪ್ಲೆಂಡರ್ ತರದ ಗಾಡಿಗಳ ಚೈನ್ ಮೇಲೆ 428 ಅಂತ ಅಚ್ಚು ಇರುತ್ತೆ. ಮೊದಲ ಅಂಕಿ ನಾಲ್ಕು. ಅಂದ್ರೆ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಇಂಚಿನ ಎಂಟರಲ್ಲಿ ನಾಲ್ಕು ಭಾಗ, ಅರ್ಧ ಇಂಚು, 12.7 ಮಿಲಿಮೀಟರ್. ಬುಲೆಟ್ ತರದ ದೊಡ್ಡ ಗಾಡಿಗೆ 5ರಿಂದ ಶುರುವಾಗೋ ನಂಬರ್ ಇರುತ್ತೆ, ಅಲ್ಲಿ ಆ ದೂರ 15.875. ಸ್ಪ್ರಾಕೆಟ್ಟಿನ ಹಲ್ಲುಗಳನ್ನ ಕೊರೆದಿರೋದೂ ಇದೇ ಅಳತೆಗೆ. 1880ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹಾನ್ಸ್ ರೆನಾಲ್ಡ್ ಅನ್ನೋರು ಬುಷ್–ರೋಲರ್ ಚೈನಿಗೆ ಪೇಟೆಂಟ್ ತಗೊಂಡ್ರು. ಮೂಲ ರಚನೆ ಇವತ್ತಿಗೂ ಅದೇ: ಒಳಗೆ ಪಿನ್, ಅದರ ಮೇಲೆ ಬುಷ್, ಬುಷ್ ಮೇಲೆ ತಿರುಗೋ ರೋಲರ್.

ಚೈನ್ ‘ಎಳೆದೂ ಎಳೆದೂ ಉದ್ದ ಆಗಿದೆ’ ಅಂತ ಎಲ್ಲರೂ ಹೇಳ್ತಾರೆ. ಕಬ್ಬಿಣ ರಬ್ಬರಿನ ಹಾಗೆ ಹಿಗ್ಗಿರಲ್ಲ. ಹಳೇ ಬಾಗಿಲು ಜೋಲು ಬೀಳೋದು ಯಾಕೆ? ಬಾಗಿಲು ಬೆಳೆದಿರಲ್ಲ, ಬಿಜಾಗರಿಯ ಕಡ್ಡಿ ಸವೆದಿರುತ್ತೆ. ಚೈನಲ್ಲಿ ಅಂಥ ಕೀಲು ನೂರರ ಆಸುಪಾಸು ಇರುತ್ತೆ. ಒಂದೊಂದು ಕೀಲಲ್ಲೂ ಪಿನ್ನು, ಬುಷ್ಷು ಸೇರಿ ಕಾಲು ಮಿಲಿಮೀಟರ್ ಸವೆದ್ರೆ ಒಟ್ಟು 25 ಮಿಲಿಮೀಟರ್, ಒಂದು ಇಂಚು. ಎರಡು ಲಿಂಕಿನ ಉದ್ದ ಎಷ್ಟು? ಎರಡು ಅರ್ಧ ಇಂಚು, ಅದೂ ಒಂದೇ ಇಂಚು.

ಅರ್ಥ ಆಯ್ತಲ್ಲ? ಎರಡು ಲಿಂಕ್ ತೆಗೆಯೋವಷ್ಟು ಚೈನ್ ಉದ್ದ ಆಗಿದೆ ಅಂದ್ರೆ ಪ್ರತಿ ಕೀಲೂ ಸುಮಾರು ಶೇಕಡ 2ರಷ್ಟು ಸವೆದಾಗಿದೆ. ಆ ಚೈನಿನ ಆಯಸ್ಸು ಅಲ್ಲಿಗೆ ಮುಗೀತು. ಲಿಂಕ್ ತೆಗೆದ್ರೆ ಒಟ್ಟು ಉದ್ದ ಕಡಿಮೆ ಆಗುತ್ತೆ, ಆದ್ರೆ ಉಳಿದ ಪ್ರತಿ ಲಿಂಕೂ ಈಗಲೂ 12.7ರ ಬದಲು 12.95ರ ಹತ್ತಿರವೇ ಇರುತ್ತೆ. ಹಲ್ಲು ಒಂದು ಅಳತೆ, ಚೈನ್ ಇನ್ನೊಂದು ಅಳತೆ. ರೋಲರ್ ಹಲ್ಲಿನ ಬುಡದಲ್ಲಿ ಕೂರೋದು ಬಿಟ್ಟು ತುದಿ ಕಡೆಗೆ ಹತ್ತುತ್ತೆ. ಹತ್ತಿ ಹತ್ತಿ ಒಂದು ದಿನ ಹಾರುತ್ತೆ.

ಇದೇ ಕಾರಣಕ್ಕೆ ಚೈನ್ ಮಾತ್ರ ಹೊಸದು ಹಾಕಿ, ಸ್ಪ್ರಾಕೆಟ್ ಹಳೇದೇ ಇರಲಿ ಅನ್ನೋದೂ ದಂಡ. ಹಳೇ ಚೈನ್ ಜೊತೆ ತಿರುಗಿದ ಹಲ್ಲುಗಳು ಅದರ ಅಳತೆಗೇ ಸವೆದು, ಒಂದೇ ಕಡೆಗೆ ಬಾಗಿ, ಕೊಕ್ಕೆ ತರ ಆಗಿರ್ತವೆ. ಅದರ ಮೇಲೆ ಹೊಸ ಚೈನ್ ಕೂರಿಸಿದ್ರೆ ಹತ್ತು ಹಲ್ಲು ಹಂಚಿಕೊಳ್ಳಬೇಕಾದ ಭಾರ ಎರಡು–ಮೂರು ಹಲ್ಲಿನ ಮೇಲೆ ಬೀಳುತ್ತೆ. ಹೊಸ ಚೈನೂ ಬೇಗ ಹಾಳು. ಮುಂದಿನ ಚಿಕ್ಕ ಸ್ಪ್ರಾಕೆಟ್, ಹಿಂದಿನ ದೊಡ್ಡದು, ಚೈನ್ — ಮೂರೂ ಒಟ್ಟಿಗೆ. ಕಿಟ್ ಅಂತ ಒಂದೇ ಡಬ್ಬಿಯಲ್ಲಿ ಮಾರೋದು ಅದಕ್ಕೇ.

ಸವೆದಿದೆಯೋ ಇಲ್ವೋ ನೋಡೋದು ಹೇಗೆ? ಚೈನ್ ಕೇಸ್ ಬಿಚ್ಚಿ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣೋ ಹಾಗೆ ಮೇಲೆದ್ದು ಬಂದ್ರೆ ಮುಗೀತು. ಇನ್ನೂ ಖಚಿತ ಬೇಕು ಅಂದ್ರೆ ಚೈನನ್ನ ಬಿಗಿಯಾಗಿ ಇಟ್ಟು ಸ್ಕೇಲಲ್ಲಿ 21 ಪಿನ್ ಎಣಿಸಿ, ಮೊದಲ ಪಿನ್ನಿನ ನಡುವಿಂದ ಕೊನೇ ಪಿನ್ನಿನ ನಡುವಿಗೆ ಅಳೆಯಿರಿ. ಹೊಸ 428 ಚೈನಲ್ಲಿ 254 ಮಿಲಿಮೀಟರ್ ಬರುತ್ತೆ. 257 ಬಂದ್ರೆ ದುಡ್ಡು ಕೂಡಿಡೋಕೆ ಶುರು ಮಾಡಿ. 259 ಬಂದ್ರೆ ಆ ಗಾಡೀಲಿ ಘಾಟಿ ಹತ್ತಬೇಡಿ. ಎರಡು–ಮೂರು ಜಾಗದಲ್ಲಿ ಅಳೆಯಿರಿ, ಚೈನ್ ಎಲ್ಲಾ ಕಡೆ ಒಂದೇ ಸಮ ಸವೆಯಲ್ಲ.

ಇಲ್ಲಿ ಒಂದು ನಿಮಿಷ ನಿಲ್ತೀನಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಗೇರಲ್ಲಿ ಬಿಟ್ಟು, ತಿರುಗೋ ಚೈನಿಗೆ ಬಟ್ಟೆ ಹಿಡಿದು ಒರೆಸೋದನ್ನ ನಾನು ಎಷ್ಟೋ ಮನೆ ಮುಂದೆ ನೋಡಿದ್ದೀನಿ. ರೀಲ್ಸಲ್ಲೂ ನೋಡಿದ್ದೀನಿ. ಬಟ್ಟೆ ಚೈನಿಗೆ ಸಿಕ್ಕಿದ್ರೆ ಬೆರಳು ಅದರ ಹಿಂದೆಯೇ ಸ್ಪ್ರಾಕೆಟ್ ಒಳಗೆ ಹೋಗುತ್ತೆ, ನೀವು ಕೈ ಬಿಡೋದ್ರೊಳಗೆ. ಐಡ್ಲಿಂಗಲ್ಲೂ ಅಷ್ಟೇ. ಚೈನ್ ಮುಟ್ಟಬೇಕು ಅಂದ್ರೆ ಎಂಜಿನ್ ಆಫ್, ಕೀ ಜೇಬಲ್ಲಿ, ಗಾಡಿ ನ್ಯೂಟ್ರಲ್, ಚಕ್ರ ತಿರುಗಿಸೋದು ಕೈಯಲ್ಲಿ. ಇವತ್ತಿನ ಇಪ್ಪತ್ತು ನಿಮಿಷದಲ್ಲಿ ಇದೊಂದೇ ನೆನಪಿಟ್ಕೊಂಡ್ರೂ ನನಗೆ ಸಾಕು.

ಈಗ ಕಿಟ್ ತರೋಕೆ ಹೋಗೋಣ. ಬೆಂಗಳೂರಾದ್ರೆ ಜೆ.ಸಿ. ರಸ್ತೆ ಇದೆ, ಬೇರೆ ಊರಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಎರಡು ಸ್ಪೇರ್ ಪಾರ್ಟ್ಸ್ ಅಂಗಡಿಯಾದ್ರೂ ಇದ್ದೇ ಇರ್ತವೆ. ‘ಸ್ಪ್ಲೆಂಡರ್ ಚೈನ್ ಕಿಟ್ ಕೊಡಿ’ ಅಂತ ಅಷ್ಟೇ ಹೇಳಬೇಡಿ. ಮಾಡೆಲ್, ವರ್ಷ, ಕಡ್ಡಿ ಚಕ್ರವೋ ಅಲಾಯ್ ಚಕ್ರವೋ ಎಲ್ಲಾ ಹೇಳಿ; ಒಂದೇ ಹೆಸರಿನ ಗಾಡಿಗೂ ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ಇರುತ್ತೆ. ಕಂಪನಿ ಶೋರೂಮಿನ ಬಿಡಿಭಾಗ ತಗೊಳ್ಳಿ, ಇಲ್ಲ ಚೈನನ್ನೇ ಕಸುಬು ಮಾಡ್ಕೊಂಡಿರೋ ರೋಲಾನ್, ಡೈಮಂಡ್ ತರದ್ದು ತಗೊಳ್ಳಿ. ಡಬ್ಬಿ ಮೇಲೆ ಪಾರ್ಟ್ ನಂಬರು, ಎಂ.ಆರ್.ಪಿ. ಇರಲಿ; ಬಿಲ್ ಕೇಳಿ. ಬಿಲ್ ಕೊಡಲ್ಲ ಅಂದ ಅಂಗಡಿಯಲ್ಲಿ ಚೈನ್ ತಗೋಬೇಡಿ. ಹೆಸರಿನ ಒಂದು ಅಕ್ಷರ ಬದಲಾಯಿಸಿದ ನಕಲಿ ಮಾಲು ಬೇಕಾದಷ್ಟಿದೆ.

ಅಲ್ಲೇ ಕೌಂಟರ್ ಮೇಲೆ ಹಲ್ಲು ಎಣಿಸಿ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಎಷ್ಟು ಹಲ್ಲು ಅಂತ ಇದೆಯೋ ಅಷ್ಟೇ ಇರಬೇಕು. ಹಳೇ ಸ್ಪ್ರಾಕೆಟ್ಟನ್ನ ಮಾತ್ರ ನಂಬಬೇಡಿ, ಮೊದಲಿನ ಮಾಲೀಕರು ಏನು ಹಾಕಿಸಿದ್ರೋ ಯಾರಿಗೆ ಗೊತ್ತು. ‘ಮುಂದೆ ಒಂದು ಹಲ್ಲು ಜಾಸ್ತಿ ಹಾಕ್ಸು ಮಗಾ, ಸ್ಪೀಡ್ ಬರುತ್ತೆ’ ಅನ್ನೋ ಫ್ರೆಂಡ್ ಎಲ್ಲರಿಗೂ ಒಬ್ಬ ಇರ್ತಾನೆ. ಮುಂದೆ 14, ಹಿಂದೆ 42 ಹಲ್ಲು ಇದ್ರೆ ಮುಂದಿಂದು ಮೂರು ಸುತ್ತು ತಿರುಗಿದಾಗ ಹಿಂದಿಂದು ಒಂದು ಸುತ್ತು. ಮುಂದೆ 15 ಮಾಡಿದ್ರೆ 2.8 ಸುತ್ತಿಗೇ ಒಂದು. ಮುಂದಿನ ಒಂದು ಹಲ್ಲು ಅಂದ್ರೆ ಹಿಂದಿನ ಮೂರು ಹಲ್ಲು ಕಡಿಮೆ ಮಾಡಿದ ಲೆಕ್ಕ. ಸಪಾಟು ರಸ್ತೆಯಲ್ಲಿ ಎಂಜಿನ್ ಸ್ವಲ್ಪ ಹಗುರ ಅನ್ನಿಸಬಹುದು. ಆದ್ರೆ ಹಿಂದೆ ಒಬ್ಬರನ್ನ ಕೂರಿಸ್ಕೊಂಡು ಚಾರ್ಮಾಡಿ ಹತ್ತೋವಾಗ ಫಸ್ಟ್ ಗೇರಲ್ಲೇ ಅಳುತ್ತೆ, ಕ್ಲಚ್ ಪ್ಲೇಟ್ ಸುಡುತ್ತೆ. 97 ಸಿಸಿ ಗಾಡಿಯಲ್ಲಿ ಕಂಪನಿ ಕೊಟ್ಟ ಲೆಕ್ಕವೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಕೆಲಸಕ್ಕೆ ಬರೋಣ. ನೀವೇ ಮಾಡಿ, ಇಲ್ಲ ಮೆಕ್ಯಾನಿಕ್ ಹತ್ತಿರ ಮಾಡಿಸಿ, ಅವರು ಮಾಡೋವಾಗ ಪಕ್ಕದಲ್ಲಿ ನಿಂತು ನೋಡಿ. ರಿಂಗ್ ಸ್ಪ್ಯಾನರ್‌ಗಳು, ಟಿ ಸ್ಪ್ಯಾನರ್, ನೋಸ್ ಪ್ಲೇಯರ್, ಸುತ್ತಿಗೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಹಳೇ ಬನಿಯನ್ — ಇಷ್ಟಿದ್ರೆ ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಕೂತು ಊಟದ ಹೊತ್ತಿಗೆ ಮುಗಿಸಬಹುದು.

ಗೇರ್ ಲಿವರ್ ತೆಗೆದು, ಮುಂದಿನ ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ. ಒಳಗೆ ವರ್ಷಗಟ್ಟಲೆಯ ಮಣ್ಣು–ಎಣ್ಣೆ ಸೇರಿ ಕಪ್ಪು ಹಲ್ವಾ ಇರುತ್ತೆ, ಹೆದರಬೇಡಿ. ಚೈನ್ ಬಿಚ್ಚೋ ಮೊದಲೇ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನ ಸಡಿಲ ಮಾಡಿಕೊಳ್ಳಿ. ಗೇರಲ್ಲಿಟ್ಟು ಹಿಂದಿನ ಬ್ರೇಕ್ ಒತ್ತಿ ಹಿಡಿಯೋಕೆ ಒಬ್ಬರು ಇರಲಿ. ಚೈನ್ ತೆಗೆದ ಮೇಲೆ ಸ್ಪ್ರಾಕೆಟ್ ಗಟ್ಟಿಯಾಗಿ ನಿಲ್ಲಲ್ಲ, ಸ್ಪ್ಯಾನರ್ ಜೊತೆ ತಿರುಗೋಕೆ ಶುರು ಮಾಡುತ್ತೆ. ನಡುವೆ ಒಂದೇ ದೊಡ್ಡ ನಟ್ ಇರೋ ಆರ್‌ಎಕ್ಸ್ 100 ತರದ ಗಾಡಿಗಳಲ್ಲಂತೂ ಈ ಕ್ರಮ ತಪ್ಪಿದ್ರೆ ಅರ್ಧ ದಿನ ಒದ್ದಾಟ.

ಆಮೇಲೆ ಚೈನ್ ಲಾಕ್ ಬಿಚ್ಚಿ, ಹಿಂದಿನ ಚಕ್ರ ತೆಗೆದು ಸ್ಪ್ರಾಕೆಟ್ ಬದಲಿಸಿ. ಇಲ್ಲಿ ಅವಸರ ಬೇಡ, ಮುಚ್ಚಿಕೊಂಡಿರೋ ಎರಡು ಜಾಗ ಈಗ ಮಾತ್ರ ಕಣ್ಣಿಗೆ ಬೀಳೋದು. ಒಂದು, ಹಬ್ ಒಳಗಿನ ರಬ್ಬರ್. ಎಂಜಿನ್ನಿನ ಏಟು ಚಕ್ರಕ್ಕೆ ನೇರ ಬೀಳದ ಹಾಗೆ ತಡೆಯೋದು ಅದೇ. ಪುಡಿಯಾಗಿದ್ರೆ ಹೊಸ ಕಿಟ್ ಹಾಕಿದ ಮೇಲೂ ಆ ‘ಕಟ್’ ಸದ್ದು ಹೋಗಲ್ಲ. ಇನ್ನೊಂದು, ಮುಂದಿನ ಸ್ಪ್ರಾಕೆಟ್ ಹಿಂದೆ ಇರೋ ಆಯಿಲ್ ಸೀಲ್. ಅಲ್ಲಿ ಹಸಿ ಎಣ್ಣೆ ಒಸರ್ತಿದ್ರೆ ಇದೇ ಕೈಯಲ್ಲಿ ಬದಲಿಸಿ. ಕೂಲಿ ಎರಡು ಸಲ ಕೊಡೋದು ತಪ್ಪುತ್ತೆ.

ಹೊಸ ಚೈನ್ ಹಾಕೋವಾಗ ಹಳೇದರ ಪಕ್ಕ ಇಟ್ಟು ಉದ್ದ ನೋಡಬೇಡಿ, ಲಿಂಕ್ ಎಣಿಸಿ. ಹಳೇದು ಒಂದು ಇಂಚು ಬೆಳೆದಿದೆ ಅಂತ ಈಗಷ್ಟೇ ಲೆಕ್ಕ ಹಾಕಿದ್ವಲ್ಲ! ಲಾಕ್ ಕ್ಲಿಪ್ಪಿಗೆ ಒಂದು ಕಡೆ ಬಾಯಿ ಇರುತ್ತೆ, ಇನ್ನೊಂದು ಕಡೆ ಮುಚ್ಚಿರುತ್ತೆ. ಚೈನ್ ಯಾವ ಕಡೆಗೆ ಹೋಗುತ್ತೋ ಆ ಕಡೆಗೆ ಮುಚ್ಚಿದ ತುದಿ ಇರಬೇಕು. ಮೇಲಿನ ಸಾಲಲ್ಲಿ ಚೈನ್ ಗಾಡಿಯ ಮುಂದಕ್ಕೆ ಹೋಗುತ್ತೆ, ಹಾಗಾಗಿ ಅಲ್ಲಿ ನೋಡಿದಾಗ ಮುಚ್ಚಿದ ತುದಿ ಎಂಜಿನ್ ಕಡೆ. ತಿರುಗಾ ಹಾಕಿದ್ರೆ ಏನಾದ್ರೂ ತಗುಲಿ ಕ್ಲಿಪ್ ಹಾರಿಹೋಗಬಹುದು. ಹಳೇ ಲಾಕನ್ನ ಹೊಸ ಚೈನಿಗೆ ಹಾಕೋದು ಬೇಡವೇ ಬೇಡ.

ಟೈಟ್ ಎಷ್ಟಿರಬೇಕು? ಇಲ್ಲೇ ಹೆಚ್ಚು ಜನ ಎಡವೋದು. ಸಡಿಲ ಇದ್ರೆ ಸದ್ದು ಬರುತ್ತೆ ಅಂತ ವೀಣೆ ತಂತಿ ಹಾಗೆ ಬಿಗಿದುಬಿಡ್ತಾರೆ. ನೀವು ಸೀಟ್ ಮೇಲೆ ಕೂತಾಗ ಹಿಂದಿನ ಚಕ್ರ ಮೇಲೆ ಹೋಗುತ್ತಲ್ಲ, ಆಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಒಂದೇ ಸಾಲಿಗೆ ಬರ್ತವೆ, ಚೈನಿನ ದಾರಿ ಉದ್ದ ಆಗುತ್ತೆ. ಮೊದಲೇ ಬಿಗಿಯಾಗಿದ್ದ ಚೈನ್ ಆ ಹೊತ್ತಿಗೆ ಗೇರ್‌ಬಾಕ್ಸ್ ಬೇರಿಂಗನ್ನೇ ಎಳೆಯುತ್ತೆ. ಕೆಳಗಿನ ಸಾಲಿನ ನಡುವೆ ಬೆರಳಲ್ಲಿ ಎತ್ತಿ ಇಳಿಸಿದಾಗ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಡಬೇಕು. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಅಳತೆ ಇದ್ರೆ ಅದೇ ಸರಿ. ಚಕ್ರ ತಿರುಗಿಸ್ತಾ ನಾಲ್ಕು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿ ಈ ಅಳತೆ ಸಿಗಬೇಕು. ಎರಡೂ ಬದಿಯ ಗೆರೆಗಳು ಸಮ ಇವೆಯಾ ನೋಡಿ ಆಕ್ಸಲ್ ನಟ್ ಬಿಗಿ ಮಾಡಿ. ಸ್ಪ್ಲಿಟ್ ಪಿನ್ ಇರೋ ಗಾಡಿಯಾದ್ರೆ ಹೊಸ ಪಿನ್. ಚಕ್ರ ಹಿಂದೆ ಮುಂದೆ ಆಗಿರೋದ್ರಿಂದ ಹಿಂದಿನ ಬ್ರೇಕಿನ ಆಟವೂ ಬದಲಾಗಿರುತ್ತೆ. ಬ್ರೇಕ್ ಸರಿಮಾಡದೆ ಗಲ್ಲಿ ದಾಟಬೇಡಿ.

ಚೈನ್ ಕೇಸನ್ನ ವಾಪಸ್ ಹಾಕಿ, ದಯವಿಟ್ಟು. ‘ಬಿಚ್ಚಿಟ್ರೆ ಲುಕ್ ಬರುತ್ತೆ’ ಅಂತ ಹುಡುಗರು ಗುಜರಿಗೆ ಹಾಕ್ತಾರೆ. ಹಿಂದೆ ಕೂರೋ ಅಮ್ಮನ ಸೆರಗು, ತಂಗಿಯ ವೇಲ್ ಚೈನಿಗೆ ಸಿಗದ ಹಾಗೆ ತಡೆಯೋದೂ ಅದೇ. ಚಕ್ರದ ಸೀರೆ ಗಾರ್ಡಿಗಂತೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಅಂತಲೇ ಇದೆ. ಹಿಂದಿನ ಚಕ್ರದ ಅರ್ಧದಷ್ಟಾದ್ರೂ ಮುಚ್ಚಿರಬೇಕು.

ಎಣ್ಣೆ ವಿಷಯ ಬೇಗ ಹೇಳ್ತೀನಿ. ಎಂಜಿನ್ನಿಂದ ಇಳಿಸಿದ ಕಪ್ಪು ಆಯಿಲ್ ಹಾಕಬೇಡಿ, ಅದರಲ್ಲಿ ಲೋಹದ ಸಣ್ಣ ಪುಡಿ ಇರುತ್ತೆ. 90 ನಂಬರಿನ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ ಸಾಕು. ಗಾಡಿ ಓಡಿಸಿ ಬಂದ ಮೇಲೆ, ಚೈನ್ ಬಿಸಿ ಇರೋವಾಗ, ಕೆಳಗಿನ ಸಾಲಿನ ಒಳಬದಿಗೆ ಹಾಕಿ, ಹೊರಗಿನ ಹೆಚ್ಚಿನದ್ದನ್ನ ಒರೆಸಿ. 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದ ದಿನ, ವಾಟರ್ ವಾಶ್ ಆದ ದಿನ. ರಬ್ಬರ್ ರಿಂಗ್ ಇರೋ ಚೈನ್ ಬರೋ ಈಗಿನ ದೊಡ್ಡ ಗಾಡಿಗಳಿಗೆ ಪೆಟ್ರೋಲ್ ಹಾಕಿ ತೊಳೀಬೇಡಿ, ರಿಂಗ್ ಹಾಳಾಗುತ್ತೆ.

ಚಿಕ್ಕಮ್ಮನ ಮಗ ಈಗ ಮತ್ತೆ ಅದೇ ಗಾಡಿ ಓಡಿಸ್ತಿದ್ದಾನೆ. ಕಿಟ್ಟನ್ನ ಇಬ್ಬರೂ ಸೇರಿ ಹಾಕಿದ್ವಿ. ಮೂರುನೂರು ಕಿಲೋಮೀಟರ್ ಆದ ಮೇಲೆ ಸ್ವಲ್ಪ ಸಡಿಲ ಆಯ್ತು ಅಂತ ಗಾಬರಿಯಲ್ಲಿ ಫೋನ್ ಮಾಡಿದ. ಅದು ಸಹಜ, ಹೊಸ ಚೈನ್ ಮೊದಲಿಗೆ ಕೂತ್ಕೊಳ್ಳುತ್ತೆ, 500 ಕಿಲೋಮೀಟರ್ ಒಳಗೆ ಒಂದು ಸಲ ನೋಡಿ ಬಿಗಿ ಮಾಡಿದ್ರೆ ಆಯ್ತು. ‘ಹಾಗಾದ್ರೆ ಲಿಂಕ್ ತೆಗೆಯೋದು ಬೇಡ್ವಾ ಅಣ್ಣಾ?’ ಅಂತ ನಗ್ತಾ ಕೇಳಿದ.

ಮುಂದಿನ ವಾರ ಬ್ರೇಕ್ ಶೂ ಬಗ್ಗೆ ಮಾತಾಡೋಣ.